ಕ್ಯಾನ್ಸರ್ ಗಡ್ಡೆಯ ರಕ್ತನಾಳ ಮತ್ತು ಅಮೃತಬಳ್ಳಿ

ಕ್ಯಾನ್ಸರ್ ಗಡ್ಡೆ ಒಂದೆರಡು ಮಿಲಿಮೀಟರ್ ಗಾತ್ರ ದಾಟಬೇಕಾದರೆ ಅದಕ್ಕೆ ಹೊಸ ರಕ್ತನಾಳಗಳು ಬೇಕು. ಅಲ್ಲಿಯವರೆಗೆ ಸುತ್ತಲಿನಿಂದ ಒಸರಿ ಬರುವ ಆಮ್ಲಜನಕ, ಪೋಷಕಾಂಶಗಳೇ ಸಾಕು, ಆಮೇಲೆ ಸಾಲದು. ಆಗ ಗಡ್ಡೆಯ ಕೋಶಗಳು ವಿಇಜಿಎಫ್ ಎಂಬ ಪ್ರೋಟೀನನ್ನು ಹೊರಬಿಡುತ್ತವೆ. ಅದರ ಪ್ರಭಾವದಿಂದ ಹತ್ತಿರದ ರಕ್ತನಾಳಗಳು ಕವಲೊಡೆದು ಗಡ್ಡೆಯ ಕಡೆಗೆ ಬೆಳೆಯುತ್ತವೆ. ಈ ಕವಲುಗಳನ್ನು ತಡೆದರೆ ಗಡ್ಡೆಯನ್ನೂ ತಡೆಯಬಹುದೆಂಬ ವಾದವನ್ನು ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ 1971ರಲ್ಲಿ ಮುಂದಿಟ್ಟರು. ವಿಇಜಿಎಫ್ ಅನ್ನು ಕಟ್ಟಿಹಾಕುವ ಬೆವಾಸಿಝುಮ್ಯಾಬ್ ಔಷಧಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2004ರಲ್ಲಿ.

ಇಂಥದೇ ಗುಣವುಳ್ಳ ಸಸ್ಯವಸ್ತುಗಳನ್ನು ಮೈಸೂರು ವಿಶ್ವವಿದ್ಯಾಲಯದಲ್ಲಿ ಭಾರತಿ ಸಾಲಿಮಠ ಅವರ ತಂಡ ಹುಡುಕಿತು. 2002ರಲ್ಲಿ ಅರಿಶಿನದ ಕರ್ಕ್ಯುಮಿನ್, 2006ರಲ್ಲಿ ಜ್ಯೇಷ್ಠಮಧು, 2008ರಲ್ಲಿ ಅಮೃತಬಳ್ಳಿಯ ಆಕ್ಟಕೊಸನಾಲ್ ಕುರಿತ ಪ್ರಬಂಧಗಳು ಹೊರಬಂದವು. ಕೆಜಿಎಫ್, ಬಂಗಾರಪೇಟೆ ಕಡೆಯ ಬಯಲುಸೀಮೆಯಲ್ಲಿ ಅಮೃತಬಳ್ಳಿ ಬೇಲಿಗೂ ಬೇವಿನ ಮರಕ್ಕೂ ಹಬ್ಬುವ ಗಿಡ; ಜ್ವರಕ್ಕೆ ಕಷಾಯ ಮಾಡಿ ಕುಡಿಯುವುದು ಹಳೆಯ ರೂಢಿ.

ರಕ್ತನಾಳದ ಬೆಳವಣಿಗೆಯನ್ನು ಅಳೆಯುವ ಒಂದು ವಿಧಾನ ಕೋಳಿಮೊಟ್ಟೆಯದು. ಕಾವಿಗಿಟ್ಟ ಮೊಟ್ಟೆಯ ಚಿಪ್ಪಿನಲ್ಲಿ ಸಣ್ಣ ಕಿಂಡಿ ತೆರೆದರೆ ಒಳಪೊರೆಯ ಮೇಲೆ ನಾಳಗಳ ಜಾಲ ಬರಿಗಣ್ಣಿಗೇ ಕಾಣುತ್ತದೆ. ಪರೀಕ್ಷಿಸಬೇಕಾದ ವಸ್ತುವನ್ನು ಅಲ್ಲಿರಿಸಿ, ಕಿಂಡಿ ಮುಚ್ಚಿ, ಮತ್ತೆ ಕಾವಿಗಿಡುತ್ತಾರೆ. ವಸ್ತುವಿಗೆ ಶಕ್ತಿಯಿದ್ದರೆ ಅದರ ಸುತ್ತ ಹೊಸ ಕವಲು ವಿರಳವಾಗುತ್ತದೆ. ಆಕ್ಟಕೊಸನಾಲ್ ಈ ಪರೀಕ್ಷೆಯಲ್ಲಿ ಗೆದ್ದಿತು. ಹೊಟ್ಟೆಯಲ್ಲಿ ಗಡ್ಡೆಯ ಕೋಶ ಬೆಳೆಸಿದ ಇಲಿಗಳಲ್ಲಿ, ಅಲ್ಲಿ ತುಂಬಿಕೊಳ್ಳುವ ದ್ರವವನ್ನೂ ಆ ದ್ರವದಲ್ಲಿನ ವಿಇಜಿಎಫ್ ಅನ್ನೂ ಅದು ತಗ್ಗಿಸಿತು. ನಾಳಗಳಿಗೆ ದಾರಿ ಕೊರೆದುಕೊಡುವ ಕಿಣ್ವಗಳನ್ನೂ ಅದು ತಡೆಯಿತು.

ಇದು ಬೆಲೆಯುಳ್ಳ ಶೋಧ. ಆದರೆ ಇಲಿಗೆ ಕೊಟ್ಟದ್ದು ಶುದ್ಧೀಕರಿಸಿದ, ಅಳತೆಯ ವಸ್ತು. ಮನೆಯ ಕಷಾಯದಲ್ಲಿ ಅದೆಷ್ಟಿದೆಯೆಂದು ಯಾರೂ ಅಳೆದು ಕುಡಿಯುವುದಿಲ್ಲ. ಕರ್ಕ್ಯುಮಿನ್ ಅಂತೂ ಬಾಯಿಯಿಂದ ಸೇವಿಸಿದರೆ ರಕ್ತಕ್ಕೆ ಸೇರುವುದೇ ಅತ್ಯಲ್ಪ. ಗಿಡದಿಂದ ಔಷಧಿ ಬಂದಿಲ್ಲವೆಂದಲ್ಲ. ನಿತ್ಯಪುಷ್ಪದ ವಿನ್‌ಬ್ಲಾಸ್ಟಿನ್ ದಶಕಗಳಿಂದ ಕ್ಯಾನ್ಸರ್ ಚುಚ್ಚುಮದ್ದು. ಕಡಿಮೆ ಪ್ರಮಾಣದಲ್ಲಿ ಅದು ರಕ್ತನಾಳದ ಬೆಳವಣಿಗೆಯನ್ನೂ ತಡೆಯುತ್ತದೆಂದು ಪ್ರಯೋಗಗಳು ತೋರಿಸಿವೆ. ಅದೇ ಗಿಡದ ಎಲೆಯನ್ನು ಅರೆದು ಕುಡಿದರೆ ವಿಷ.

ಗಾಯ ಮಾಯುವುದಕ್ಕೂ ಹೊಸ ರಕ್ತನಾಳಗಳು ಬೇಕು. ಹೀಗಾಗಿಯೇ ದೊಡ್ಡ ಶಸ್ತ್ರಚಿಕಿತ್ಸೆಗೆ ಕನಿಷ್ಠ 28 ದಿನ ಮೊದಲು ಬೆವಾಸಿಝುಮ್ಯಾಬ್ ನಿಲ್ಲಿಸುತ್ತಾರೆ. ಗಿಡಮೂಲಿಕೆಗೂ ಎಚ್ಚರ ಬೇಕು: ಅಮೃತಬಳ್ಳಿ ಸೇವಿಸಿದ ಕೆಲವರಿಗೆ ಯಕೃತ್ತಿನ ಉರಿಯೂತವಾದದ್ದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಹಲವು ಕ್ಯಾನ್ಸರ್ ಔಷಧಿಗಳನ್ನು ಕರಗಿಸಿ ಹೊರಹಾಕುವುದೂ ಯಕೃತ್ತೇ. ಕೆಜಿಎಫ್‌ನಿಂದ ರೈಲು ಹತ್ತಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಚಿಕಿತ್ಸೆಗೆ ಹೋಗುವವರು, ಮನೆಯಲ್ಲಿ ಯಾವ ಕಷಾಯ ಕುಡಿಯುತ್ತಿದ್ದರೂ ಅದನ್ನು ವೈದ್ಯರಿಗೆ ಮೊದಲೇ ತಿಳಿಸುವುದು ಅಗತ್ಯ.