ಕಟಕಟೆಗೆ ಬಂದ ಯುದ್ಧ

ಇರಾಕಿನಲ್ಲಿ ಅಮೆರಿಕದ ಸೇನಾ ವಾಹನ ಓಡಿಸಿದವರಿಗೆ ರಸ್ತೆಯ ಅಂಚನ್ನು ಕಂಡರೆ ಭಯ. ಸತ್ತ ಪ್ರಾಣಿಯ ಹೊಟ್ಟೆಯೊಳಗೆ, ಕಸದ ಚೀಲದೊಳಗೆ, ಆಗತಾನೆ ಮುಚ್ಚಿದಂತೆ ಕಾಣುವ ಗುಂಡಿಯೊಳಗೆ ಬಾಂಬು ಇರುತ್ತಿತ್ತು. ಅದಕ್ಕೇ ಅವರು ನಡುರಸ್ತೆಯಲ್ಲಿ, ವೇಗ ತಗ್ಗಿಸದೆ, ಎದುರಿನವರೇ ಪಕ್ಕಕ್ಕೆ ಸರಿಯುವಂತೆ ಓಡಿಸುವುದನ್ನು ಕಲಿತರು. ಮೇಲ್ಸೇತುವೆ ಬಂದರೆ ಒಂದು ಸಾಲಿನಲ್ಲಿ ಒಳನುಗ್ಗಿ ಇನ್ನೊಂದು ಸಾಲಿನಿಂದ ಹೊರಬರುವುದು, ಮೇಲೆ ಕಾದು ಕೂತವನ ಗುರಿ ತಪ್ಪಿಸಲು. ಊರಿಗೆ ಮರಳಿ ವರ್ಷ ಕಳೆದ ಮೇಲೂ ಇವರಲ್ಲಿ ಎಷ್ಟೋ ಜನರ ಕೈಕಾಲು ಆ ಪಾಠವನ್ನು ಬಿಡಲಿಲ್ಲ. ಹೆದ್ದಾರಿಯಲ್ಲಿ ಬಿದ್ದ ಖಾಲಿ ರಟ್ಟಿನ ಪೆಟ್ಟಿಗೆ ಕಂಡರೂ ಸ್ಟಿಯರಿಂಗ್ ತಾನಾಗಿ ತಿರುಗುತ್ತಿತ್ತು. ನಿದ್ದೆ ಬಾರದ ರಾತ್ರಿಗಳಿಗೆ ಕುಡಿತವೂ ಸೇರಿಕೊಂಡರೆ ಒಂದಲ್ಲ ಒಂದು ದಿನ ಪೊಲೀಸ್ ಕೇಸು.

ಇದನ್ನು ದುರಭ್ಯಾಸ ಎಂದು ತಳ್ಳಿಹಾಕುವುದು ಸುಲಭ. ಮಿದುಳಿನ ಮಟ್ಟಿಗೆ ಇದು ಚೆನ್ನಾಗಿ ಕಲಿತ ಪಾಠ. ಅಪಾಯದ ಸುಳಿವು ಹಿಡಿಯುವ ಅಮಿಗ್ಡಲಾ, ಅವಸರಪಡಬೇಡ ಎಂದು ತಡೆಯುವ ಹಣೆಯ ಹಿಂದಿನ ಪ್ರೀಫ್ರಂಟಲ್ ಭಾಗ, ಎಲ್ಲಿ ಯಾವಾಗ ನಡೆಯಿತೆಂಬ ಸಂದರ್ಭವನ್ನು ನೆನಪಿಗೆ ಜೋಡಿಸುವ ಹಿಪೊಕ್ಯಾಂಪಸ್ ಒಟ್ಟಾಗಿ ಕೆಲಸ ಮಾಡಿದಾಗ ನಾವು ಪಟಾಕಿಯ ಸದ್ದಿಗೆ ಒಮ್ಮೆ ಬೆಚ್ಚಿ ಮರುಕ್ಷಣ ಸುಮ್ಮನಾಗುತ್ತೇವೆ. ಪಿಟಿಎಸ್‌ಡಿ ಎಂದು ಕರೆಯುವ ಆಘಾತೋತ್ತರ ಒತ್ತಡದ ಕಾಯಿಲೆಯಲ್ಲಿ ಈ ಹೊಂದಾಣಿಕೆ ಕೆಡುತ್ತದೆ. ಎಚ್ಚರಿಕೆ ಜೋರಾಗುತ್ತದೆ, ತಡೆ ಸಡಿಲಾಗುತ್ತದೆ, 'ಆಗ' ಮತ್ತು 'ಈಗ' ಬೆರೆತುಹೋಗುತ್ತವೆ. ಬಾಂಬಿನ ಒತ್ತಡದ ಅಲೆಯಿಂದ ಮಿದುಳಿಗೇ ಪೆಟ್ಟು ಬಿದ್ದಿದ್ದರೆ ಸಿಟ್ಟಿನ ಹಿಡಿತ ಇನ್ನಷ್ಟು ತಪ್ಪುತ್ತದೆ. ಅಫ್ಘಾನಿಸ್ತಾನ ಮತ್ತು ಇರಾಕಿಗೆ ಅಲ್ಲಿಯವರೆಗೆ ಹೋಗಿಬಂದ ಸುಮಾರು 16.4 ಲಕ್ಷ ಅಮೆರಿಕನ್ನರಲ್ಲಿ ಸುಮಾರು 3 ಲಕ್ಷ ಮಂದಿಗೆ ಪಿಟಿಎಸ್‌ಡಿ ಅಥವಾ ತೀವ್ರ ಖಿನ್ನತೆ ಇದೆಯೆಂದೂ, ಸುಮಾರು 3.2 ಲಕ್ಷ ಮಂದಿಗೆ ಮಿದುಳಿನ ಪೆಟ್ಟು ಆಗಿರಬಹುದೆಂದೂ ರ‍್ಯಾಂಡ್ ಸಂಸ್ಥೆ 2008ರಲ್ಲಿ ಅಂದಾಜಿಸಿತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಯುದ್ಧಕ್ಕೆ ಹೋಗಿಬಂದವರೆಲ್ಲ ಅಪಾಯಕಾರಿಗಳು ಎಂಬ ಸಿನಿಮಾ ಚಿತ್ರಣ ಸುಳ್ಳು. ಅಮೆರಿಕದ ನ್ಯಾಯ ಇಲಾಖೆಯ 2011-12ರ ಲೆಕ್ಕದಂತೆ ಅಲ್ಲಿನ ಸೆರೆಮನೆಗಳಲ್ಲಿ ಸುಮಾರು 1,81,500 ಮಾಜಿ ಸೈನಿಕರಿದ್ದರು. ಆದರೂ ತಲಾವಾರು ಲೆಕ್ಕ ಹಾಕಿದರೆ ಸೇನೆಗೆ ಸೇರದವರಿಗಿಂತ ಅವರ ಪ್ರಮಾಣ ಕಡಿಮೆಯೇ. ಹಾಗೆ ಸೆರೆಯಾದವರ ಪೈಕಿ ಸುಮಾರು ಅರ್ಧದಷ್ಟು ಜನರಿಗೆ ಮನೋರೋಗ ಇದೆಯೆಂದು ತಜ್ಞರು ಒಂದಲ್ಲ ಒಂದು ಸಲ ಹೇಳಿದ್ದರು. ಬ್ರಿಟನ್ನಿನ ಸಂಶೋಧಕರು 13,856 ಸೇನಾ ಸಿಬ್ಬಂದಿಯ ಮಾಹಿತಿಯನ್ನು ಪೊಲೀಸ್ ದಾಖಲೆಗಳೊಂದಿಗೆ ತಾಳೆ ನೋಡಿ 2013ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಇನ್ನೂ ಬಿಡಿಸಿ ತೋರಿಸಿತು. ಹಿಂಸೆಯ ಅಪರಾಧದೊಂದಿಗೆ ತಳಕು ಹಾಕಿಕೊಂಡದ್ದು ವಿದೇಶಕ್ಕೆ ಹೋಗಿಬಂದದ್ದಲ್ಲ. ಮುಂಚೂಣಿಯ ಕಾಳಗ, ಮರಳಿದ ಮೇಲಿನ ಕುಡಿತ, ಪಿಟಿಎಸ್‌ಡಿ. ಆ ಕಾಯಿಲೆಯ ಲಕ್ಷಣಗಳಲ್ಲೂ ಎಲ್ಲಕ್ಕಿಂತ ಬಲವಾದ ನಂಟು ಕಂಡದ್ದು ಸದಾ ಮೈಯೆಲ್ಲ ಕಣ್ಣಾಗಿರುವ ಕಟ್ಟೆಚ್ಚರದ ಸ್ಥಿತಿಗೆ. ಅಂದರೆ ಸಮಸ್ಯೆ ಒಂದು ವರ್ಗದ ಜನರದ್ದಲ್ಲ, ಗುರುತಿಸಬಹುದಾದ, ಚಿಕಿತ್ಸೆಯಿಂದ ತಗ್ಗಿಸಬಹುದಾದ ಕೆಲವು ಸ್ಥಿತಿಗಳದ್ದು.

ಕುಡಿತ ಈ ಕಥೆಯಲ್ಲಿ ಎಲ್ಲೆಲ್ಲೂ ಬರುತ್ತದೆ. ಮದ್ಯ ನರಗಳ ಉದ್ರೇಕವನ್ನು ಕೆಲವು ಗಂಟೆ ತಣಿಸುತ್ತದೆ, ಬೇಗ ನಿದ್ದೆ ಹತ್ತಿಸುತ್ತದೆ. ಆದರೆ ಅಮಲು ಇಳಿಯುತ್ತಿದ್ದಂತೆ ಆ ಉದ್ರೇಕ ಮೊದಲಿಗಿಂತ ಹೆಚ್ಚಾಗಿ ಮರುಕಳಿಸುತ್ತದೆ. ಕನಸು ಕಾಣುವ ಹಂತದ ನಿದ್ದೆಯೂ ಕೆಡುತ್ತದೆ. ಮರುದಿನ ರಾತ್ರಿಗೆ ಇನ್ನೊಂದು ಪೆಗ್ಗು ಬೇಕಾಗುತ್ತದೆ. ಇಂಥವನನ್ನು ಹಿಡಿದು ಮೂರು ತಿಂಗಳು ಜೈಲಿನಲ್ಲಿಟ್ಟು ಬಿಟ್ಟರೆ ಬದಲಾಗುವುದು ಏನು? ಕೆಲಸ ಹೋಗಿರುತ್ತದೆ, ಮನೆ ಒಡೆದಿರುತ್ತದೆ. ಕಾಯಿಲೆ ಹಾಗೇ ಇರುತ್ತದೆ.

ನ್ಯೂಯಾರ್ಕ್ ರಾಜ್ಯದ ಬಫಲೋ ನಗರದ ನ್ಯಾಯಾಧೀಶ ರಾಬರ್ಟ್ ರಸೆಲ್ ಈ ಚಕ್ರವನ್ನು ವರ್ಷಗಟ್ಟಲೆ ಕಂಡಿದ್ದರು. ಅವರು 1995ರಲ್ಲಿ ಮಾದಕ ವ್ಯಸನಿಗಳಿಗೂ 2003ರಲ್ಲಿ ಮನೋರೋಗಿಗಳಿಗೂ ಪ್ರತ್ಯೇಕ ಚಿಕಿತ್ಸಾ ನ್ಯಾಯಾಲಯ ಆರಂಭಿಸಿದ್ದವರು. ಮಯಾಮಿಯಲ್ಲಿ 1989ರಲ್ಲಿ ಶುರುವಾದ ಮೊದಲ ವ್ಯಸನ ನ್ಯಾಯಾಲಯ ಅವರಿಗೆ ಮಾದರಿ. ಒಂದು ದಿನ ಅವರ ಮುಂದೆ ವಿಯೆಟ್ನಾಂ ಯುದ್ಧದ ಮಾಜಿ ಸೈನಿಕನೊಬ್ಬ ನಿಂತಿದ್ದ. ತಲೆ ಕೆಳಗೆ, ಭುಜ ಜೋತು, ಕೇಳಿದ್ದಕ್ಕೆ ಗೊಣಗಾಟವೇ ಉತ್ತರ. ಚಿಕಿತ್ಸೆ ಅವನಿಗೆ ತಾಗುತ್ತಲೇ ಇರಲಿಲ್ಲ. ಅಲ್ಲೇ ಇದ್ದ ಇಬ್ಬರು ಸಹೋದ್ಯೋಗಿಗಳು ಅದೇ ಯುದ್ಧ ಕಂಡವರೆಂಬುದು ರಸೆಲ್‌ರಿಗೆ ಗೊತ್ತಿತ್ತು. ಇವನನ್ನು ಹೊರಗೆ ಕರೆದುಕೊಂಡು ಹೋಗಿ ಸ್ವಲ್ಪ ಮಾತಾಡಿ ಎಂದರು. ಪಡಸಾಲೆಯಲ್ಲಿ ಮೂವರೂ ಮಾತಾಡಿ ಮರಳಿದಾಗ ಆತ ಬೆನ್ನು ನೆಟ್ಟಗೆ ಮಾಡಿ, ಕೈ ಹಿಂದೆ ಕಟ್ಟಿ, ಪರೇಡಿನಲ್ಲಿ ನಿಲ್ಲುವಂತೆ ನಿಂತು, ನ್ಯಾಯಾಧೀಶರ ಕಣ್ಣಲ್ಲಿ ಕಣ್ಣಿಟ್ಟು, ಇನ್ನು ಮುಂದೆ ಮನಸ್ಸಿಟ್ಟು ಪ್ರಯತ್ನಿಸುತ್ತೇನೆ ಎಂದ. ಈ ಘಟನೆಯನ್ನು ರಸೆಲ್ ಹಲವು ಬಾರಿ ಹೇಳಿಕೊಂಡಿದ್ದಾರೆ. 2008ರ ಜನವರಿಯಲ್ಲಿ ಬಫಲೋದಲ್ಲಿ ಮಾಜಿ ಸೈನಿಕರ ಚಿಕಿತ್ಸಾ ನ್ಯಾಯಾಲಯ ಆರಂಭವಾಯಿತು. ಅಲಾಸ್ಕಾದ ಆಂಕರೇಜ್‌ನಲ್ಲಿ 2004ರಲ್ಲೇ ಇಂಥದೊಂದು ಪ್ರಯತ್ನ ನಡೆದಿತ್ತಾದರೂ ದೇಶಕ್ಕೆ ಮಾದರಿಯಾದದ್ದು ಬಫಲೋ. ಈಗ ಅಮೆರಿಕದಾದ್ಯಂತ ಮಾಜಿ ಸೈನಿಕರಿಗಾಗಿ ಇಂಥ 600ಕ್ಕೂ ಹೆಚ್ಚು ನ್ಯಾಯಾಲಯಗಳಿವೆ.

ಕೆಲಸ ನಡೆಯುವ ರೀತಿ ಹೀಗೆ. ಬಂಧನವಾದಾಗಲೇ ಸೇನೆಯಲ್ಲಿದ್ದಿರಾ ಎಂದು ಕೇಳಲಾಗುತ್ತದೆ. ಹೌದೆಂದವರ ಆರೋಪ, ಕಾಯಿಲೆ, ಸೇವಾ ದಾಖಲೆ ನೋಡಿ ಅರ್ಹರನ್ನು ಆರಿಸುತ್ತಾರೆ. ಸೇರುವುದು ಬಿಡುವುದು ಆರೋಪಿಯ ಇಷ್ಟ. ಹೆಚ್ಚಿನ ಕಡೆ ಮೊದಲು ತಪ್ಪೊಪ್ಪಿಕೊಳ್ಳಬೇಕು. ಆಮೇಲೆ ಒಂದರಿಂದ ಎರಡು ವರ್ಷದ ಕಟ್ಟುನಿಟ್ಟಿನ ದಿನಚರಿ: ಚಿಕಿತ್ಸೆ, ಮುನ್ಸೂಚನೆ ಕೊಡದೆ ನಡೆಯುವ ಮೂತ್ರಪರೀಕ್ಷೆ, ಪ್ರೊಬೇಷನ್ ಅಧಿಕಾರಿಯ ಭೇಟಿ, ಆರಂಭದಲ್ಲಿ ಎರಡು ವಾರಕ್ಕೊಮ್ಮೆ ನ್ಯಾಯಾಧೀಶರ ಮುಂದೆ ಹಾಜರಿ. ಪೂರ್ತಿ ಮುಗಿಸಿದರೆ ಕೇಸು ವಜಾ ಆಗುತ್ತದೆ ಅಥವಾ ಶಿಕ್ಷೆ ಇಳಿಯುತ್ತದೆ. ಕೆಲವರಿಗೆ ನೇರವಾಗಿ ಜೈಲಿಗೆ ಹೋಗಿ ಶಿಕ್ಷೆ ಮುಗಿಸುವುದೇ ಹಗುರ ಎನಿಸುತ್ತದೆ ಎಂದರೆ ಇದರ ಬಿಗಿ ಎಷ್ಟಿದೆಯೆಂದು ಊಹಿಸಬಹುದು.

ಸಾಮಾನ್ಯ ನ್ಯಾಯಾಲಯದಲ್ಲಿ ಎದುರಾಳಿಗಳಾದ ಸರ್ಕಾರಿ ವಕೀಲರು ಮತ್ತು ಆರೋಪಿಯ ವಕೀಲರು ಇಲ್ಲಿ ಒಂದೇ ಮೇಜಿನ ಸುತ್ತ ಕೂತು ಪ್ರತಿಯೊಬ್ಬನ ಪ್ರಗತಿ ಚರ್ಚಿಸುತ್ತಾರೆ. ಜೊತೆಗೆ ಮಾಜಿ ಸೈನಿಕರ ಇಲಾಖೆಯ ಪ್ರತಿನಿಧಿಯೂ ಇರುತ್ತಾರೆ. ಇದಕ್ಕೆಂದೇ 2009ರಲ್ಲಿ ಆ ಇಲಾಖೆ ಒಂದು ಕಾರ್ಯಕ್ರಮ ರೂಪಿಸಿತು. ಇಂದು ಬೆಳಿಗ್ಗೆ ಒಪ್ಪಿದ ಚಿಕಿತ್ಸೆಗೆ ಇಂದೇ ಆಸ್ಪತ್ರೆಯ ದಿನಾಂಕ ಸಿಗಲು ಅದು ನೆರವಾಯಿತು. ಇನ್ನು ಪ್ರತಿ ಆರೋಪಿಗೂ ಒಬ್ಬ ಸಂಗಾತಿ: ಸಂಬಳವಿಲ್ಲದೆ ಬರುವ ಇನ್ನೊಬ್ಬ ಮಾಜಿ ಸೈನಿಕ, ಆದಷ್ಟೂ ಅದೇ ಪಡೆಯವನು, ಸಾಧ್ಯವಾದರೆ ಅದೇ ಯುದ್ಧದವನು. ಅವನು ವಕೀಲನೂ ಅಲ್ಲ, ಮನೋವೈದ್ಯನೂ ಅಲ್ಲ. ಲೈಸೆನ್ಸ್ ರದ್ದಾದವನನ್ನು ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಾನೆ, ಪಿಂಚಣಿಯ ಅರ್ಜಿ ತುಂಬಿಸುತ್ತಾನೆ, ರಾತ್ರಿ ಹನ್ನೊಂದಕ್ಕೆ ಫೋನ್ ಬಂದರೆ ಎತ್ತುತ್ತಾನೆ.

ಈ ಏರ್ಪಾಡು ಏಕೆ ಫಲ ಕೊಡಬಲ್ಲದು ಎಂಬುದಕ್ಕೆ ಉತ್ತರ ಕಾಯಿಲೆಯ ಸ್ವರೂಪದಲ್ಲೇ ಇದೆ. ಪಿಟಿಎಸ್‌ಡಿಯ ಮುಖ್ಯ ಲಕ್ಷಣಗಳಲ್ಲೊಂದು ತಪ್ಪಿಸಿಕೊಳ್ಳುವಿಕೆ. ನೆನಪು ಕೆದಕುವ ಜಾಗ, ಜನ, ಮಾತು ಯಾವುದೂ ಬೇಡ. ಆದರೆ ಈ ಕಾಯಿಲೆಗೆ ಪರಿಣಾಮ ಸಾಬೀತಾದ ಚಿಕಿತ್ಸೆಗಳು ಕೇಳುವುದು ಸರಿಯಾಗಿ ಅದನ್ನೇ. ಮನೋವಿಜ್ಞಾನಿ ಎಡ್ನಾ ಫೋವಾ ರೂಪಿಸಿದ ಚಿಕಿತ್ಸೆಯಲ್ಲಿ ರೋಗಿ ಕಣ್ಣು ಮುಚ್ಚಿ, ಆ ದಿನ ನಡೆದದ್ದನ್ನು ಈಗಲೇ ನಡೆಯುತ್ತಿದೆ ಎಂಬಂತೆ ಗಟ್ಟಿಯಾಗಿ ಹೇಳಬೇಕು. ಹೇಳಿದ್ದನ್ನು ರೆಕಾರ್ಡ್ ಮಾಡಿ ಕೊಡುತ್ತಾರೆ. ಮನೆಗೆ ಹೋಗಿ ದಿನವೂ ಕೇಳಬೇಕು. ಒಂದೊಂದು ಭೇಟಿಯೂ ಸುಮಾರು ಒಂದೂವರೆ ಗಂಟೆ, ಇಂಥವು 8ರಿಂದ 15. ನೆನಪು ಎಷ್ಟು ಸಲ ಬಂದರೂ ಸ್ಫೋಟ ಆಗುವುದಿಲ್ಲ ಎಂದು ಮಿದುಳು ಹೊಸದಾಗಿ ಕಲಿಯುವವರೆಗೂ ಇದು ನಡೆಯುತ್ತದೆ. ಮೊದಲ ಕೆಲವು ಭೇಟಿಗಳ ನಂತರ ಎಷ್ಟೋ ಜನ ಮತ್ತೆ ಆ ಕಡೆ ಸುಳಿಯುವುದಿಲ್ಲ. ಅದು ಸೋಮಾರಿತನ ಅಲ್ಲ, ಬೇಜವಾಬ್ದಾರಿಯೂ ಅಲ್ಲ. ಕಾಯಿಲೆಯೇ ಅವರನ್ನು ವೈದ್ಯರಿಂದ ದೂರ ಎಳೆಯುತ್ತದೆ. ಚಿಕಿತ್ಸಾ ನ್ಯಾಯಾಲಯ ಬಾಗಿಲ ಬಳಿ ನಿಂತು ತಡೆಯುತ್ತದೆ. ಕಾನೂನಿನ ಅಧಿಕಾರವನ್ನು ದಂಡಿಸಲು ಬಳಸುವ ಬದಲು ರೋಗಿಯನ್ನು ಐದನೆಯ ಭೇಟಿಗೂ ಆರನೆಯ ಭೇಟಿಗೂ ಕರೆತರಲು ಬಳಸುತ್ತದೆ. ಇದನ್ನು ಕರುಣೆ ಎಂದಷ್ಟೇ ಕರೆದರೆ ಅದರ ಕಸುಬುಗಾರಿಕೆ ಮರೆಯಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ನ್ಯಾಯಾಧೀಶರ ಪಾತ್ರವನ್ನು ಸಂಶೋಧಕರು ಅಳೆದೂ ನೋಡಿದ್ದಾರೆ. ವ್ಯಸನ ನ್ಯಾಯಾಲಯಗಳಲ್ಲಿ ಆರೋಪಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ ಪ್ರಯೋಗಗಳಲ್ಲಿ, ಎರಡು ವಾರಕ್ಕೊಮ್ಮೆ ನ್ಯಾಯಾಧೀಶರನ್ನು ಕಾಣಬೇಕಾದವರ ಪೈಕಿ ಹೆಚ್ಚು ಅಪಾಯದ ಹಿನ್ನೆಲೆಯವರು ಚೆನ್ನಾಗಿ ಸುಧಾರಿಸಿದರು; ಕಡಿಮೆ ಅಪಾಯದವರಿಗೆ ಅದರಿಂದ ವಿಶೇಷ ಲಾಭವಿರಲಿಲ್ಲ. 69 ವ್ಯಸನ ನ್ಯಾಯಾಲಯಗಳನ್ನು ಹೋಲಿಸಿದ ಇನ್ನೊಂದು ಅಧ್ಯಯನದಲ್ಲಿ, ಒಬ್ಬೊಬ್ಬರ ಜೊತೆ ಸರಾಸರಿ ಮೂರು ನಿಮಿಷವೋ ಅದಕ್ಕಿಂತ ಹೆಚ್ಚೋ ಮಾತಾಡುವ ನ್ಯಾಯಾಧೀಶರಿದ್ದ ಕಡೆ ಮರು ಅಪರಾಧದ ಇಳಿಕೆ ಉಳಿದ ಕಡೆಗಿಂತ ದುಪ್ಪಟ್ಟಿಗೂ ಹೆಚ್ಚು. ಮೂರು ನಿಮಿಷ! ಮಗಳ ಶಾಲೆ ಹೇಗಿದೆ, ಹೋದ ವಾರ ಪರೀಕ್ಷೆಗೆ ಏಕೆ ಬರಲಿಲ್ಲ, ಹೊಸ ಕೆಲಸದಲ್ಲಿ ರಾತ್ರಿ ಪಾಳಿ ಒಗ್ಗಿತೇ ಎಂದು ಕೇಳಲು ಅಷ್ಟು ಸಾಕು. ತಪ್ಪಿದವರಿಗೆ ಶಿಕ್ಷೆಯೂ ಕೂಡಲೇ ಆಗುತ್ತದೆ, ಆದರೆ ಸಣ್ಣದು: ಸಮುದಾಯ ಸೇವೆ, ಹೆಚ್ಚು ಹಾಜರಿ, ಕೊನೆಗೆ ಒಂದೆರಡು ದಿನದ ಜೈಲು. ಶಿಕ್ಷೆ ಎಷ್ಟು ಘೋರ ಎಂಬುದಕ್ಕಿಂತ ಎಷ್ಟು ಖಚಿತ, ಎಷ್ಟು ಬೇಗ ಎಂಬುದೇ ನಡವಳಿಕೆ ತಿದ್ದುತ್ತದೆ ಎಂಬುದು ಮನೋವಿಜ್ಞಾನದ ಹಳೆಯ ತಿಳಿವಳಿಕೆ. ವ್ಯಸನ ನ್ಯಾಯಾಲಯಗಳ ಬಗೆಗಿನ 154 ಮೌಲ್ಯಮಾಪನಗಳನ್ನು ಒಟ್ಟುಗೂಡಿಸಿದ 2012ರ ವಿಶ್ಲೇಷಣೆಯಂತೆ, ವಯಸ್ಕರಲ್ಲಿ ಮರು ಅಪರಾಧ ಶೇ 50ರಷ್ಟಿದ್ದ ಕಡೆ ಸುಮಾರು ಶೇ 38ಕ್ಕೆ ಇಳಿಯುತ್ತದೆ.

ನಮ್ಮ ದೇಶದ ಮಾದಕ ವಸ್ತು ಕಾಯ್ದೆಯ 39ನೇ ಸೆಕ್ಷನ್ ಕೂಡ, ಸಣ್ಣ ಪ್ರಮಾಣದ ಪ್ರಕರಣದಲ್ಲಿ ತಪ್ಪಿತಸ್ಥನಾದ ವ್ಯಸನಿಯನ್ನು ಶಿಕ್ಷಿಸುವ ಬದಲು ಮುಚ್ಚಳಿಕೆ ಬರೆಸಿಕೊಂಡು ಆಸ್ಪತ್ರೆಗೆ ಕಳಿಸಲು ನ್ಯಾಯಾಲಯಕ್ಕೆ ಅವಕಾಶ ಕೊಡುತ್ತದೆ. ಚಿಕಿತ್ಸೆಯ ವರದಿಯನ್ನು ವರ್ಷದೊಳಗೆ ಸಲ್ಲಿಸಬೇಕು. ಕಳಿಸುವುದಕ್ಕೂ ವರದಿ ಬರುವುದಕ್ಕೂ ನಡುವಿನ ಆ ತಿಂಗಳುಗಳಲ್ಲಿ ರೋಗಿಯ ಕೈಹಿಡಿದು ನಡೆಸುವವರು ಯಾರು ಎಂಬುದನ್ನು ಸೆಕ್ಷನ್ ಹೇಳುವುದಿಲ್ಲ. ಬಫಲೋ ಮಾದರಿ ತುಂಬಿದ್ದು ಆ ನಡುವಿನ ಜಾಗವನ್ನು.

ಮಾಜಿ ಸೈನಿಕರ ವಿಷಯದಲ್ಲಿ ಸಾಕ್ಷ್ಯ ಇನ್ನೂ ಅಷ್ಟು ಗಟ್ಟಿಯಿಲ್ಲ. ಇಲ್ಲಿಗೆ ಬರುವವರನ್ನು ಆರಿಸಿ ತರುವುದರಿಂದ, ಯಶಸ್ಸಿನಲ್ಲಿ ನ್ಯಾಯಾಲಯದ ಪಾಲೆಷ್ಟು, ಆಯ್ಕೆಯ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಸುಮಾರು 7,900 ಮಂದಿಯನ್ನು ಗಮನಿಸಿದ, 2018ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದಲ್ಲಿ ಕಾರ್ಯಕ್ರಮದ ಅವಧಿಯಲ್ಲಿ ಮತ್ತೆ ಜೈಲು ಸೇರಿದವರು ಶೇ 14. ಸ್ವಂತ ವಾಸದ ಏರ್ಪಾಡು ಉಳ್ಳವರ ಸಂಖ್ಯೆ, ಸರ್ಕಾರಿ ಸವಲತ್ತು ಪಡೆಯುವವರ ಸಂಖ್ಯೆ ಏರಿದವು. ಉದ್ಯೋಗ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ನನಗೆ ಇದು ಚುಚ್ಚುವ ಅಂಕಿ. ಕುಡಿತ ಬಿಟ್ಟು, ನಿದ್ದೆ ಮರಳಿ ಬಂದು, ಬೆಳಿಗ್ಗೆ ಎದ್ದವನಿಗೆ ಹೋಗಲು ಕೆಲಸವಿಲ್ಲದಿದ್ದರೆ ಆ ಚೇತರಿಕೆ ಎಷ್ಟು ದಿನ ಬಾಳೀತು?

ಆಕ್ಷೇಪಗಳೂ ಇವೆ, ಹಗುರವಾಗಿ ತಳ್ಳಿಹಾಕುವಂಥವಲ್ಲ. ಗಂಡನಿಂದ ಹೊಡೆತ ತಿಂದ ಹೆಂಡತಿಗೆ ಅವನು ಯಾವ ಯುದ್ಧದಲ್ಲಿದ್ದ ಎಂಬುದರಿಂದ ನೋವು ಕಡಿಮೆಯಾಗದು. ಕೌಟುಂಬಿಕ ಹಿಂಸೆಯ ಪ್ರಕರಣಗಳನ್ನು ಇಲ್ಲಿ ತೆಗೆದುಕೊಳ್ಳುವಾಗ ಅವಳ ಸುರಕ್ಷತೆಯನ್ನು ಮೊದಲು ಕೇಳಲೇಬೇಕು. ಇನ್ನೊಂದು, ಸಮಾನತೆಯ ಪ್ರಶ್ನೆ. ಗುಂಡಿನ ಸದ್ದಿನ ನಡುವೆಯೇ ಬೆಳೆದ ಬಡ ಬಡಾವಣೆಯ ಹುಡುಗನಿಗೂ ಪಿಟಿಎಸ್‌ಡಿ ಬರುತ್ತದೆ, ಅವನಿಗೆ ಸಮವಸ್ತ್ರ ಇರುವುದಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 2009ರಲ್ಲಿ ಕೊರಿಯಾ ಯುದ್ಧದ ಸೈನಿಕ ಜಾರ್ಜ್ ಪೋರ್ಟರ್‌ನ ಮರಣದಂಡನೆ ಪ್ರಕರಣದಲ್ಲಿ, ಅವನ ಯುದ್ಧಾನುಭವವನ್ನು ಜ್ಯೂರಿಗೆ ತಿಳಿಸದ ವಕೀಲರ ಲೋಪವನ್ನು ಎತ್ತಿ ತೋರಿಸಿ, ಮಾಜಿ ಸೈನಿಕರಿಗೆ ರಿಯಾಯಿತಿ ತೋರುವ ದೀರ್ಘ ಪರಂಪರೆ ದೇಶಕ್ಕಿದೆ ಎಂದಿತು. ಆ ಪರಂಪರೆ ಋಣಸಂದಾಯದ ಭಾವದ್ದು. ಮಿದುಳಿನ ವಿಜ್ಞಾನಕ್ಕೆ ಋಣದ ಲೆಕ್ಕ ಇಲ್ಲ. ಅದು ಆ ಹುಡುಗನನ್ನೂ ಸೈನಿಕನನ್ನೂ ಒಂದೇ ಕಣ್ಣಿನಿಂದ ನೋಡುತ್ತದೆ. ಹಾಗಂತ ಸೈನಿಕರ ನ್ಯಾಯಾಲಯ ಮುಚ್ಚಬೇಕೆಂದು ನಾನು ಹೇಳಲಾರೆ. ಸಮಾಜದ ಒಪ್ಪಿಗೆ ಸುಲಭವಾಗಿ ಸಿಕ್ಕ ಕಡೆ ಒಂದು ಪದ್ಧತಿ ಪಕ್ವವಾಗಲಿ, ಅದರ ಬಾಗಿಲು ಮುಂದೆ ಆ ಹುಡುಗನಿಗೂ ತೆರೆಯಲಿ.

ಸೈನಿಕರಲ್ಲೇ ಹೊರಗುಳಿದವರಿದ್ದಾರೆ. ಅಶಿಸ್ತಿನ ಕಾರಣಕ್ಕೆ ಗೌರವವಿಲ್ಲದೆ ಸೇನೆಯಿಂದ ಹೊರಹಾಕಿಸಿಕೊಂಡವರಿಗೆ ಮಾಜಿ ಸೈನಿಕರ ಇಲಾಖೆಯ ಚಿಕಿತ್ಸೆ ಸಿಗುವುದು ಕಷ್ಟ, ಆ ಚಿಕಿತ್ಸೆಯನ್ನೇ ನೆಚ್ಚಿಕೊಂಡ ಕೆಲವು ನ್ಯಾಯಾಲಯಗಳಿಗೂ ಅವರು ಅನರ್ಹರು. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ 2017ರಲ್ಲಿ ಕೊಟ್ಟ ವರದಿಯಂತೆ, 2011ರಿಂದ 2015ರ ನಡುವೆ ದುರ್ನಡತೆಗಾಗಿ ಸೇನೆ ಬಿಡಬೇಕಾಗಿ ಬಂದ 91,764 ಮಂದಿಯಲ್ಲಿ ಶೇ 62ರಷ್ಟು ಜನರಿಗೆ ಅದಕ್ಕೆ ಹಿಂದಿನ ಎರಡು ವರ್ಷಗಳಲ್ಲಿ ಪಿಟಿಎಸ್‌ಡಿ, ಮಿದುಳಿನ ಪೆಟ್ಟು, ಕುಡಿತದ ತೊಂದರೆ ಮುಂತಾದ ಯಾವುದಾದರೊಂದು ಕಾಯಿಲೆ ಪತ್ತೆಯಾಗಿತ್ತು. ಇವರನ್ನೂ ಒಳಗೆ ಬಿಟ್ಟುಕೊಳ್ಳುವ ಕೆಲವು ನ್ಯಾಯಾಲಯಗಳು ಸ್ಥಳೀಯ ಆಡಳಿತದ ಕ್ಲಿನಿಕ್ಕುಗಳಲ್ಲಿ ಅವರ ಚಿಕಿತ್ಸೆಗೆ ಏರ್ಪಾಡು ಮಾಡುತ್ತಿವೆ, ಜೊತೆಗೆ ಬಿಡುಗಡೆಯ ದಾಖಲೆಯನ್ನು ತಿದ್ದಿಸಲು ಅರ್ಜಿ ಹಾಕುವ ವಕೀಲರನ್ನೂ ಹುಡುಕಿಕೊಡುತ್ತಿವೆ.