ಜಾಹೀರಾತು ಸಂಗೀತ: ಸಾಫ್ಟ್‌ವೇರ್ ವಾದ್ಯಗಳ ಟ್ರ್ಯಾಕ್‌ಗಳನ್ನು ಧ್ವನಿ ಕಡತಗಳಾಗಿ ಪಡೆಯುವ ಅಗತ್ಯ

ಸರಕಿನ ಪ್ರಚಾರಕ್ಕಾಗಿ ಸಣ್ಣ ಉದ್ಯಮಿಗಳೂ ಜಿಂಗಲ್‌ಗಳನ್ನು ಮಾಡಿಸುತ್ತಾರೆ. ಅವುಗಳಲ್ಲಿ ಕೇಳಿಬರುವ ಪಿಟೀಲು, ಕೊಳಲು, ತಾಳವಾದ್ಯಗಳ ನಾದವನ್ನು ಅನೇಕ ವೇಳೆ ಕಂಪ್ಯೂಟರಿನೊಳಗಿನ ಸಾಫ್ಟ್‌ವೇರ್ ವಾದ್ಯಗಳೇ ಒದಗಿಸುತ್ತವೆ. ಹಣ ತೆತ್ತು ಮಾಡಿಸಿದ ಈ ಸಂಗೀತವನ್ನು ಕೆಲವು ವರ್ಷಗಳ ನಂತರ ತಿದ್ದಿ ಬಳಸಬೇಕಾದರೆ, ಕೆಲಸ ಮುಗಿದಾಗಲೇ ಅದರ ಟ್ರ್ಯಾಕ್‌ಗಳನ್ನು ಧ್ವನಿ ಕಡತಗಳಾಗಿ ಪರಿವರ್ತಿಸಿ ಪಡೆದಿರಬೇಕು.

ನಕ್ಷೆ ಮತ್ತು ಸಿದ್ಧವಸ್ತು

ಸಾಫ್ಟ್‌ವೇರ್ ವಾದ್ಯದ ಟ್ರ್ಯಾಕ್‌ನಲ್ಲಿ ಧ್ವನಿ ಇರುವುದಿಲ್ಲ. ಯಾವ ಸ್ವರವನ್ನು ಯಾವಾಗ, ಎಷ್ಟು ಹೊತ್ತು, ಎಷ್ಟು ಬಲದಿಂದ ನುಡಿಸಬೇಕೆಂಬ ಸೂಚನೆಗಳು ಮಾತ್ರ ಇರುತ್ತವೆ. 1983ರಲ್ಲಿ ರೂಪುಗೊಂಡ ‘ಮಿಡಿ’ ಮಾನದಂಡಕ್ಕೆ ಅನುಗುಣವಾಗಿ ಇವು ದಾಖಲಾಗುತ್ತವೆ. ಪ್ರತಿ ಬಾರಿಯೂ ಸಾಫ್ಟ್‌ವೇರ್ ಈ ಸೂಚನೆಗಳನ್ನು ಓದಿ ನಾದವನ್ನು ಹೊಸದಾಗಿ ಉತ್ಪಾದಿಸುತ್ತದೆ. ಕಾರ್ಖಾನೆಯ ಭಾಷೆಯಲ್ಲಿ ಹೇಳುವುದಾದರೆ, ಇದು ಬಿಡಿಭಾಗದ ನಕ್ಷೆಯೇ ಹೊರತು ಬಿಡಿಭಾಗವಲ್ಲ. ನಾದ ಮರಳಿ ಬರಬೇಕಾದರೆ ಅದೇ ವಾದ್ಯದ ಸಾಫ್ಟ್‌ವೇರ್, ಅದರ ಪರವಾನಗಿ ಹಾಗೂ ಅದಕ್ಕೆ ಹೊಂದುವ ಕಂಪ್ಯೂಟರ್ ಬೇಕು.

ಇವು ಶಾಶ್ವತವಲ್ಲ. 2002ರಲ್ಲಿ ಆಪಲ್ ಸಂಸ್ಥೆಯು ಜರ್ಮನಿಯ ಇಮ್ಯಾಜಿಕ್ ಸಂಸ್ಥೆಯನ್ನು ಕೊಂಡು, ಅದರ ‘ಲಾಜಿಕ್’ ಸಾಫ್ಟ್‌ವೇರ್‌ನ ವಿಂಡೋಸ್ ಆವೃತ್ತಿಯನ್ನು ನಿಲ್ಲಿಸಿತು. 2019ರ ‘ಮ್ಯಾಕ್‌ಒಎಸ್ ಕ್ಯಾಟಲಿನಾ’ದಲ್ಲಿ 32 ಬಿಟ್ ಸಾಫ್ಟ್‌ವೇರ್‌ಗಳಿಗೆ ಅವಕಾಶವಿಲ್ಲವಾಯಿತು, 64 ಬಿಟ್‌ಗೆ ಬದಲಾಗದ ಹಳೆಯ ವಾದ್ಯಗಳು ಅದರಲ್ಲಿ ಮೂಕವಾದವು. ಆದರೆ 1991ರಲ್ಲಿ ಬಂದ ‘ವೇವ್’ ಧ್ವನಿ ಕಡತವನ್ನು ಇಂದಿಗೂ ಸಾಮಾನ್ಯ ಕಂಪ್ಯೂಟರಿನಲ್ಲಿಯೇ ತೆರೆಯಬಹುದು.

ಪರಿವರ್ತನೆಯ ಕ್ರಮ

ಸೂಚನೆಗಳಿಂದ ಹುಟ್ಟುವ ನಾದವನ್ನು ಧ್ವನಿ ಕಡತವಾಗಿ ಬರೆದಿಡುವ ಈ ಕಾರ್ಯಕ್ಕೆ ‘ರೆಂಡರ್’, ‘ಬೌನ್ಸ್’ ಅಥವಾ ‘ಎಕ್ಸ್‌ಪೋರ್ಟ್’ ಎಂಬ ಹೆಸರುಗಳಿವೆ. ‘ಫ್ರೀಝ್’ ಎಂಬುದು ಕಂಪ್ಯೂಟರಿನ ಹೊರೆ ತಗ್ಗಿಸುವ ತಾತ್ಕಾಲಿಕ ವ್ಯವಸ್ಥೆ. ಅದನ್ನು ಹಸ್ತಾಂತರವೆಂದು ಭಾವಿಸಬಾರದು. ಸ್ಟುಡಿಯೊಗೆ ಕೆಲಸ ವಹಿಸುವಾಗ ಈ ಅಂಶಗಳನ್ನು ಆದೇಶಪತ್ರದಲ್ಲಿ ನಮೂದಿಸುವುದು ಸೂಕ್ತ:

1. ಪ್ರತಿ ವಾದ್ಯಕ್ಕೂ ಗಾಯನಕ್ಕೂ ಪ್ರತ್ಯೇಕ ವೇವ್ ಕಡತ. ಎಲ್ಲವೂ ಒಂದೇ ಆರಂಭ ಬಿಂದುವಿನಿಂದ ತೊಡಗಬೇಕು. ಹಾಗಿದ್ದಲ್ಲಿ ಬೇರೆ ಸ್ಟುಡಿಯೊದಲ್ಲಿಯೂ ಅವನ್ನು ತಾಳ ತಪ್ಪದಂತೆ ಜೋಡಿಸಬಹುದು.

2. ಗುಣಮಟ್ಟ 24 ಬಿಟ್, 48 ಕಿಲೋಹರ್ಟ್ಸ್. 30 ಸೆಕೆಂಡುಗಳ 10 ಸ್ಟೀರಿಯೊ ಕಡತಗಳಿಗೆ ಸುಮಾರು 86 ಎಂ.ಬಿ. ಸ್ಥಳ ಸಾಕು. ಧ್ವನಿಯ ಅಂಶಗಳನ್ನು ಕಳೆದು ಗಾತ್ರ ತಗ್ಗಿಸುವ ಎಂಪಿ3 ಮೂಲಪ್ರತಿಗೆ ತಕ್ಕುದಲ್ಲ.

3. ಕೊನೆಯ ಸ್ವರದ ಅನುರಣನ ಪೂರ್ಣವಾಗಿ ಅಡಗುವವರೆಗೂ ಕಡತ ಮುಂದುವರಿಯಬೇಕು. ಕಡತಕ್ಕೆ ವಾದ್ಯದ ಹೆಸರಿರಬೇಕು.

4. ಮಿಡಿ ಹಾಗೂ ಮೂಲ ಪ್ರಾಜೆಕ್ಟ್ ಕಡತಗಳೂ ಜೊತೆಗಿರಬೇಕು. ಧ್ವನಿಯಾಗಿ ಬದಲಾದ ಮೇಲೆ ಸ್ವರಗಳನ್ನು ತಿದ್ದುವುದು ಕಷ್ಟ.

ಹಣದ ಅಂತಿಮ ಕಂತನ್ನು ಪಾವತಿಸುವ ಮುನ್ನ ಈ ಕಡತಗಳನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ಕೇಳಿ ನೋಡಬೇಕು. ಕಡತ ಕೈಸೇರಿದ ಮಾತ್ರಕ್ಕೆ ಹಕ್ಕು ದೊರೆಯುವುದಿಲ್ಲವೆಂಬುದನ್ನೂ ಗಮನಿಸಬೇಕು. 1957ರ ಕೃತಿಸ್ವಾಮ್ಯ ಕಾಯಿದೆಯ 19ನೇ ಪ್ರಕರಣದಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಅವಧಿಯನ್ನು ನಮೂದಿಸದಿದ್ದರೆ ಅದನ್ನು 5 ವರ್ಷಗಳೆಂದು ಪರಿಗಣಿಸಲಾಗುತ್ತದೆ.

ಮಳಿಗೆಯ ವಿಳಾಸವೋ ದೂರವಾಣಿ ಸಂಖ್ಯೆಯೋ ಬದಲಾದಾಗ, ಪ್ರತ್ಯೇಕ ಧ್ವನಿ ಕಡತಗಳುಳ್ಳವರು ಗಾಯನದ ಒಂದು ಸಾಲನ್ನು ಮಾತ್ರ ಹೊಸದಾಗಿ ಮುದ್ರಿಸಿಕೊಂಡರೆ ಸಾಕು. ಅವಿಲ್ಲದವರು ಇಡೀ ಜಿಂಗಲ್‌ಗೆ ಮತ್ತೊಮ್ಮೆ ಹಣ ತೆರಬೇಕಾದೀತು.