ಮಾಂಸ ಬಿಡಬೇಕೇ?



ತಪಸ್ಸುಕಾಲದಲ್ಲಿ ನಮ್ಮಲ್ಲಿ ಹಲವರು ನಲವತ್ತು ದಿನವೂ ಮಾಂಸ ಬಿಡುತ್ತೇವೆ. ಪಾಸ್ಖದ ನಂತರವೂ ಹಾಗೆಯೇ ಇದ್ದುಬಿಟ್ಟರೇನು? ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಲ್ಲಿ ಇದು ಸಹಜವಾದ ಪ್ರಶ್ನೆ. ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು ಉಂಡು ಹೊಲದಲ್ಲಿ ಗಟ್ಟಿಯಾಗಿ ದುಡಿಯುವ ಲಿಂಗಾಯತ ನೆರೆಯವರನ್ನು ನಾವು ದಿನವೂ ನೋಡುತ್ತೇವೆ.

ಆದಿಕಾಂಡದ ಮೊದಲ ಅಧ್ಯಾಯದಲ್ಲಿ ದೇವರು ಮಾನವನಿಗೆ ಆಹಾರವಾಗಿ ಕೊಟ್ಟದ್ದು ಕಾಳು ಮತ್ತು ಹಣ್ಣು. ಮಾಂಸಕ್ಕೆ ಅಪ್ಪಣೆ ದೊರೆತದ್ದು ಜಲಪ್ರಳಯದ ನಂತರ, ಒಂಬತ್ತನೆಯ ಅಧ್ಯಾಯದಲ್ಲಿ. ಆಹಾರಕ್ಕಾಗಿ ಪ್ರಾಣಿಗಳನ್ನು ಬಳಸುವುದು ತಪ್ಪಲ್ಲವೆಂದು ಕಥೋಲಿಕ ಧರ್ಮೋಪದೇಶ ಗ್ರಂಥದ 2417ನೆಯ ಪರಿಚ್ಛೇದ ತಿಳಿಸುತ್ತದೆ. ಅವುಗಳನ್ನು ವಿನಾಕಾರಣ ನೋಯಿಸುವುದು ಮಾನವ ಘನತೆಗೆ ತಕ್ಕುದಲ್ಲವೆಂದು ಮುಂದಿನ ಪರಿಚ್ಛೇದ ಎಚ್ಚರಿಸುತ್ತದೆ. ಹಾಗಾದರೆ ಕಾಲು ಕಟ್ಟಿ, ತಲೆಕೆಳಗಾಗಿ ನೇತುಹಾಕಿ ಸಂತೆಯಿಂದ ತರುವ ಕೋಳಿಯೂ ನಮ್ಮ ಆತ್ಮಶೋಧನೆಯ ವಿಷಯವೇ. 14 ವರ್ಷ ತುಂಬಿದವರಿಗೆ ಶುಕ್ರವಾರದ ಮಾಂಸವರ್ಜನೆಯ ನಿಯಮವಿದೆ. ಮೀನಿಗೆ ತಡೆಯಿಲ್ಲ. (ದುಬಾರಿ ಮೀನು ತಂದು ಅಂದೇ ಹಬ್ಬದೂಟ ಮಾಡಿದರೆ ಅದೆಂಥ ತ್ಯಾಗವೋ!)

ಆದ್ದರಿಂದ ಮಾಂಸ ಬಿಡುವುದು ಒಳ್ಳೆಯ ಆಯ್ಕೆ, ಆಜ್ಞೆಯಲ್ಲ. ಬಿಟ್ಟವನು ಶುದ್ಧ, ತಿಂದವನು ಮೈಲಿಗೆ ಎಂಬ ಎಣಿಕೆಯನ್ನಂತೂ ನಾವು ಒಪ್ಪಲಾಗದು. ಹೊಟ್ಟೆಗೆ ಹೋಗುವುದಲ್ಲ, ಹೃದಯದಿಂದ ಹೊರಡುವುದೇ ಮನುಷ್ಯನನ್ನು ಕೆಡಿಸುತ್ತದೆಂದು ಯೇಸುಸ್ವಾಮಿ ಬೋಧಿಸಿದ್ದಾರೆ. ನಮ್ಮ ರಾಜ್ಯದಲ್ಲೇ 2021ರ ಡಿಸೆಂಬರಿನಲ್ಲಿ 7 ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆ ಕೊಡತೊಡಗಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಮಕ್ಕಳಲ್ಲಿ ಭೇದ ಹುಟ್ಟೀತೆಂಬುದು ಅವರ ಆತಂಕ. ಮೊಟ್ಟೆ ತಿನ್ನದ ಮಗುವಿಗೆ ಬಾಳೆಹಣ್ಣು ಇತ್ತು. 2022ರಲ್ಲಿ ಯೋಜನೆ ರಾಜ್ಯಕ್ಕೆಲ್ಲ ವಿಸ್ತರಿಸಿ, ಹಾವೇರಿ ಜಿಲ್ಲೆಯ ಮಕ್ಕಳ ತಟ್ಟೆಗೂ ಮೊಟ್ಟೆ ಬಂತು. ಬೇಳೆ, ಹಾಲು ಸಾಕಷ್ಟು ಕೊಳ್ಳಲಾಗದ ಕೂಲಿಕಾರರ ಮಗುವಿಗೆ ಆ ಒಂದು ಮೊಟ್ಟೆ ದೊಡ್ಡದು. ಉಳ್ಳವರ ಮನೆಯಲ್ಲಿ ಮಾಂಸ ಬಿಡುವುದೇ ಬೇರೆ, ಬಡವನ ತಟ್ಟೆಯಿಂದ ಅದನ್ನು ತೆಗೆಸುವುದೇ ಬೇರೆ.

ಸಂತ ಪೌಲರು ಇದಕ್ಕೆ ಹತ್ತಿರದ ಇಕ್ಕಟ್ಟನ್ನೇ ಕಂಡವರು. ಕೊರಿಂಥದಲ್ಲಿ ವಿಗ್ರಹಕ್ಕೆ ಅರ್ಪಿಸಿದ ಮಾಂಸವನ್ನು ತಿನ್ನಬಹುದೇ ಎಂಬ ವಾದವೆದ್ದಾಗ, ತಮ್ಮ ಊಟದಿಂದ ಸಹೋದರನ ವಿಶ್ವಾಸ ಎಡವುವುದಾದರೆ ತಾವು ಮಾಂಸವನ್ನೇ ಮುಟ್ಟುವುದಿಲ್ಲವೆಂದರು. ರೋಮನರಿಗೆ ಬರೆದ ಪತ್ರದ 14ನೆಯ ಅಧ್ಯಾಯದಲ್ಲಿ, ತಿನ್ನುವವನು ತಿನ್ನದವನನ್ನು ಹೀಗಳೆಯಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಕೊಡಬಾರದು ಎಂದು ಎರಡೂ ಕಡೆಯವರಿಗೆ ತಿಳಿಹೇಳಿದರು.

ಈ ಸಲ ಹಬ್ಬಕ್ಕೆ ನೆರೆಯವರನ್ನು ಕರೆದಾಗ ಸಸ್ಯಾಹಾರದ ಪಾತ್ರೆ, ಸೌಟುಗಳನ್ನು ಬೇರೆಯಿಟ್ಟು, ಮೊದಲು ಅವರಿಗೆ ಬಡಿಸೋಣ. ಮನೆಯ ಮಗಳೋ ಮಗನೋ ಇನ್ನು ಮಾಂಸ ಬೇಡವೆಂದರೆ ಗದರುವುದು ಬೇಡ. ಅವರ ತಟ್ಟೆಗೆ ಕಾಳುಪಲ್ಯ ಒಂದಿಷ್ಟು ಹೆಚ್ಚು ಹಾಕೋಣ.